ಗಿಟಾರಿಗೆ ಇನ್ನೊಂದು ಪೆಟ್ಟಿಗೆ ಬೇಕೇ?



ರೇಡಿಯೋ ಪೆಟ್ಟಿಗೆಯಲ್ಲಿ ಧ್ವನಿಯನ್ನು ಏರಿಸಿ ಇಳಿಸುವ ಗುಂಡಿಯ ಪಕ್ಕದಲ್ಲಿ ‘ಟೋನ್’ ಎಂಬ ಇನ್ನೊಂದು ಗುಂಡಿ ಇದ್ದರೆ ನೀವು ಅದನ್ನು ಒಮ್ಮೆಯಾದರೂ ತಿರುಗಿಸಿ ನೋಡಿರುತ್ತೀರಿ. ಒಂದು ಕಡೆಗೆ ತಿರುಗಿಸಿದರೆ ಹಾಡುವವರ ಕಂಠ ಕಂಬಳಿ ಹೊದ್ದುಕೊಂಡು ಹಾಡಿದಂತೆ ಮಂಕಾಗುತ್ತದೆ. ಇನ್ನೊಂದು ಕಡೆಗೆ ತಿರುಗಿಸಿದರೆ ಮಾತು ಸ್ಪಷ್ಟವಾಗುತ್ತದೆ. ಜೊತೆಯಲ್ಲೇ ಕರಕರ ಸದ್ದೂ ಮೇಲೇಳುತ್ತದೆ. ಹಳೆಯ ವಾಲ್ವ್ ರೇಡಿಯೋಗಳಲ್ಲಿ ಈ ಗುಂಡಿ ಬಹುಮಟ್ಟಿಗೆ ಹೊಸದಾಗಿ ಏನನ್ನೂ ಸೇರಿಸುತ್ತಿರಲಿಲ್ಲ. ಎತ್ತರದ ಸ್ವರಗಳನ್ನು ಬೇಕಾದಷ್ಟು ಕತ್ತರಿಸುತ್ತಿತ್ತು, ಅಷ್ಟೆ. ಈ ದಿನದ ನಮ್ಮ ವಿಷಯವನ್ನು ತಿಳಿಯಲು ಈ ಸಣ್ಣ ಸಂಗತಿಯೇ ಒಳ್ಳೆಯ ಬಾಗಿಲು.

ವಿಷಯ ಇದು. ಶಿಕಾರಿಪುರ, ಸೊರಬ, ಶಿರಾಳಕೊಪ್ಪ, ಆನವಟ್ಟಿಗಳಂಥ ನಮ್ಮ ಊರುಗಳಲ್ಲಿ ಜಾತ್ರೆಗೋ ಗಣೇಶೋತ್ಸವಕ್ಕೋ ರಸಮಂಜರಿ ಎಂದರೆ ಎಲೆಕ್ಟ್ರಿಕ್ ಗಿಟಾರು ಇರಲೇಬೇಕು. ಈ ವಾದ್ಯದ ನಾದವನ್ನು ಕನ್ನಡಿಗರ ಕಿವಿಗೆ ಪರಿಚಯ ಮಾಡಿಕೊಟ್ಟದ್ದರಲ್ಲಿ ಚಲನಚಿತ್ರ ಸಂಗೀತದ ಪಾಲು ದೊಡ್ಡದು. ಮುಂದೆ ಹೆಸರಾಂತ ಸಂಗೀತ ನಿರ್ದೇಶಕರಾದ ಇಳಯರಾಜ ಅವರು ಮೊದಲು ನಮ್ಮ ಜಿ. ಕೆ. ವೆಂಕಟೇಶ್ ಅವರ ವಾದ್ಯವೃಂದದಲ್ಲಿ ಗಿಟಾರು ನುಡಿಸುತ್ತಿದ್ದವರು. ಈಗ ಮನೆಯ ಮಗನೋ ಮಗಳೋ ಗಿಟಾರು ಕಲಿತು, ಹೇಗೋ ಹಣ ಹೊಂದಿಸಿ ಒಂದು ಉತ್ತಮ ದರ್ಜೆಯ ಆಂಪ್ಲಿಫೈಯರನ್ನೂ ತಂದಾಗಿದೆ ಎನ್ನೋಣ. ಅಲ್ಲಿಗೆ ಮುಗಿಯುವುದಿಲ್ಲ. ಈಕ್ವಲೈಜರು ಬೇಕು, ಬೂಸ್ಟರು ಬೇಕು, ಕಾಲಿನಿಂದ ಒತ್ತುವ ಪೆಡಲುಗಳು ಬೇಕು ಎಂಬ ಪಟ್ಟಿ ಬೆಳೆಯುತ್ತದೆ. ಹಣ ಕೊಡಬೇಕಾದ ಹಿರಿಯರು ಕೇಳುವ ಪ್ರಶ್ನೆ ನ್ಯಾಯವಾದದ್ದು: ಆಂಪ್ಲಿಫೈಯರು ಒಳ್ಳೆಯದೇ ಆಗಿದ್ದರೆ ಇವೆಲ್ಲ ಯಾಕೆ?

ಇದಕ್ಕೆ ಉತ್ತರ ಹೌದೂ ಅಲ್ಲ, ಇಲ್ಲವೂ ಅಲ್ಲ. ಏನು ಕಡಿಮೆಯಾಗಿದೆ ಎಂಬುದು ಗೊತ್ತಿದ್ದರೆ ಇನ್ನೊಂದು ಪೆಟ್ಟಿಗೆಯಿಂದ ಉಪಕಾರವಿದೆ. ಗೊತ್ತಿಲ್ಲದಿದ್ದರೆ ಅದು ಒಳ್ಳೆಯ ಆಂಪ್ಲಿಫೈಯರನ್ನೂ ಕೆಡಿಸುತ್ತದೆ.

ಮೊದಲು ವಾದ್ಯದ ಮರ್ಮವನ್ನು ನೋಡೋಣ. ವೀಣೆಯಲ್ಲಿ ತಂತಿಯ ಕಂಪನವನ್ನು ಹಲಸಿನ ಮರದ ಕೊಡ ಹಿಗ್ಗಿಸಿ ಕೊಡುತ್ತದೆ. ಎಲೆಕ್ಟ್ರಿಕ್ ಗಿಟಾರಿನಲ್ಲಿ ಆ ಕೊಡವೇ ಇಲ್ಲ. ಉಕ್ಕಿನ ತಂತಿಯ ಕೆಳಗೆ ಒಂದು ಅಯಸ್ಕಾಂತ, ಅದರ ಸುತ್ತ ಸಾವಿರಾರು ಸುತ್ತು ಸಣ್ಣ ತಾಮ್ರದ ತಂತಿ. ತಂತಿ ನಡುಗಿದಾಗ ಆ ಸುರುಳಿಯಲ್ಲಿ ಒಂದು ವೋಲ್ಟಿನ ಹತ್ತನೆಯ ಒಂದು ಭಾಗದ ಆಸುಪಾಸಿನ ವಿದ್ಯುತ್ತು ಹುಟ್ಟುತ್ತದೆ. ಆಂಪ್ಲಿಫೈಯರು ಅದನ್ನು ಬೆಳೆಸಿ ಸ್ಪೀಕರಿಗೆ ಕೊಡುತ್ತದೆ. ಆದ್ದರಿಂದ ಗಿಟಾರಿನ ಆಂಪ್ಲಿಫೈಯರು ಬರಿಯ ಧ್ವನಿವರ್ಧಕವಲ್ಲ. ಅದು ವಾದ್ಯದ ಅರ್ಧ ಅಂಗ. ವೀಣೆಗೆ ಕೊಡ ಹೇಗೋ ಇದಕ್ಕೆ ಅದು ಹಾಗೆ.

ಗಿಟಾರಿನ ಅತಿ ತಗ್ಗಿನ ತಂತಿ ಸೆಕೆಂಡಿಗೆ ಸುಮಾರು 82 ಸಲ ನಡುಗುತ್ತದೆ. ಅತಿ ಎತ್ತರದ ಮೆಟ್ಟಿನಲ್ಲಿ ಈ ಸಂಖ್ಯೆ 1,200ರಿಂದ 1,300ರವರೆಗೆ ಹೋಗುತ್ತದೆ. ಅದರ ಮೇಲೆ ಬರುವ ಉಪಸ್ವರಗಳೇ ನಾದಕ್ಕೆ ಹೊಳಪು ಕೊಡುವುವು. ಆದರೆ ಗಿಟಾರಿಗೆಂದೇ ಮಾಡಿದ ಹನ್ನೆರಡು ಅಂಗುಲದ ಸ್ಪೀಕರು ಸುಮಾರು 5,000 ಕಂಪನಗಳ ಮೇಲಿನದನ್ನು ಹೆಚ್ಚಾಗಿ ನುಡಿಸುವುದೇ ಇಲ್ಲ. ಇದು ದೋಷವಲ್ಲ; ಕರ್ಕಶವನ್ನು ತಡೆಯುವ ಜರಡಿ. ಹೊರಗಿನ ಈಕ್ವಲೈಜರಿನಲ್ಲಿ 10,000ದ ಗುಂಡಿಯನ್ನು ಎಷ್ಟು ಎತ್ತಿದರೂ ಆ ಸ್ಪೀಕರಿನಿಂದ ಸಂಗೀತ ಹೆಚ್ಚು ಬರುವುದಿಲ್ಲ.

ಹಾಗಾದರೆ ಹೊರಗಿನ ಉಪಕರಣ ಉಪಯೋಗಕ್ಕೆ ಬಂದದ್ದೇ ಇಲ್ಲವೇ? ಬಂದಿದೆ. ಇಂಗ್ಲೆಂಡಿನ ಡಾರ್ಟ್‌ಫರ್ಡಿನಲ್ಲಿ ಜೆನಿಂಗ್ಸ್ ಕಂಪನಿಗಾಗಿ ಡಿಕ್ ಡೆನ್ನಿ ಎಂಬಾತ ವಿನ್ಯಾಸ ಮಾಡಿದ ವಾಕ್ಸ್ ಏಸಿ-30 ಎಂಬುದು ಪ್ರಪಂಚದ ಉತ್ತಮ ಗಿಟಾರ್ ಆಂಪ್ಲಿಫೈಯರುಗಳಲ್ಲಿ ಒಂದು. ಬೀಟಲ್ಸ್ ತಂಡದವರು ಅದನ್ನು ಬಳಸಿದರು. ಅಂಥ ಯಂತ್ರವೇ ಇನ್ನಷ್ಟು ಹೊಳಪಾಗಿ ನುಡಿಯಬೇಕೆಂದು ವಾದಕರು ಕೇಳಿದಾಗ, 1960ರ ದಶಕದ ಆರಂಭದಲ್ಲಿ ಅದರ ಬೆನ್ನಿಗೆ ‘ಟಾಪ್ ಬೂಸ್ಟ್’ ಎಂಬ ಚಿಕ್ಕ ಜೋಡಣೆಯನ್ನು ಸೇರಿಸಿದರು. ಅದರಲ್ಲಿ ಇನ್ನೊಂದು ವಾಲ್ವು. ಮಂದ್ರಕ್ಕೊಂದು, ತಾರಕ್ಕೊಂದು ಗುಂಡಿ. ಅದು ಎಷ್ಟು ಮೆಚ್ಚಿಗೆಯಾಯಿತೆಂದರೆ, ಕೆಲವೇ ವರ್ಷಗಳಲ್ಲಿ ಅದನ್ನು ಯಂತ್ರದ ಒಳಗೇ ಕಟ್ಟಿ ಕೊಡಲಾರಂಭಿಸಿದರು. ಕೊರತೆ ಇಂಥದ್ದೇ ಎಂದು ಗೊತ್ತಿತ್ತು. ಅದಕ್ಕೆ ತಕ್ಕ ಮದ್ದು ಸಿಕ್ಕಿತು.

ಇನ್ನೊಂದು ಉದಾಹರಣೆ ಕೇಳಿ. ಅಮೆರಿಕದ ಫೆಂಡರ್ ಕಂಪನಿಯ 1960ರ ದಶಕದ ಅನೇಕ ಆಂಪ್ಲಿಫೈಯರುಗಳ ಟೋನ್ ಜೋಡಣೆ ಮಧ್ಯದ ಸ್ವರಗಳನ್ನು ಸ್ವಲ್ಪ ತಗ್ಗಿಸಿಯೇ ಕೊಡುತ್ತದೆ. ಜಪಾನಿನ ಐಬನೇಜ್ ಕಂಪನಿ 1970ರ ದಶಕದ ಕೊನೆಗೆ ತಂದ ‘ಟ್ಯೂಬ್ ಸ್ಕ್ರೀಮರ್’ ಎಂಬ ಹಸಿರು ಪೆಡಲು ಇದಕ್ಕೆ ತದ್ವಿರುದ್ಧ: ತಗ್ಗಿನದನ್ನು ಕಡಿಮೆ ಮಾಡಿ ಮಧ್ಯವನ್ನು ಮುಂದಕ್ಕೆ ತರುತ್ತದೆ. ಎರಡೂ ಸೇರಿದಾಗ ಒಂದರ ತಗ್ಗನ್ನು ಇನ್ನೊಂದರ ಉಬ್ಬು ತುಂಬಿತು. ಸ್ಟೀವಿ ರೇ ವಾನ್ ಎಂಬ ಪ್ರಸಿದ್ಧ ವಾದಕ 1980ರ ದಶಕದಲ್ಲಿ ಈ ಜೋಡಿಯನ್ನು ಬಳಸಿದ. ಆದರೆ ಅದೇ ಪೆಡಲನ್ನು ಮಧ್ಯದ ಸ್ವರ ಮೊದಲೇ ದಟ್ಟವಾಗಿರುವ ಆಂಪ್ಲಿಫೈಯರಿಗೆ ಹಾಕಿದರೆ ನಾದ ಮೂಗಿನಿಂದ ಬಂದಂತಾಗುತ್ತದೆ. ಪೆಡಲು ಒಂದೇ; ಒಂದು ಕಡೆ ಔಷಧ, ಇನ್ನೊಂದು ಕಡೆ ಅಜೀರ್ಣ.

ನಮ್ಮವರಿಗೆ ಇದು ಹೊಸ ಪಾಠವೇನಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಅಲ್ಲಮ ಮದ್ದಳೆ ನುಡಿಸುತ್ತಿದ್ದನೆಂದು ಹರಿಹರನ ರಗಳೆ ಹೇಳುತ್ತದೆ. ಚರ್ಮವಾದ್ಯದವರ ಕೆಲಸವನ್ನು ಗಮನಿಸಿ. ಮೃದಂಗ ವಿದ್ವಾಂಸರು ಕಚೇರಿಗೆ ಮೊದಲು ಎಡ ಮುಖದ ನಡುವೆ ಕಲಸಿದ ರವೆಯನ್ನು ಮೆತ್ತುತ್ತಾರೆ. ಸ್ವಲ್ಪ ಹಾಕುತ್ತಾರೆ, ಬಾರಿಸಿ ಕೇಳುತ್ತಾರೆ, ಒಂದು ಚಿಟಿಕೆ ತೆಗೆಯುತ್ತಾರೆ, ಮತ್ತೆ ಕೇಳುತ್ತಾರೆ. ಕಡಿಮೆಯಾದರೆ ಗಾಂಭೀರ್ಯವಿಲ್ಲ, ಹೆಚ್ಚಾದರೆ ನಾದ ಸತ್ತುಹೋಗುತ್ತದೆ. ರವೆ ಇದೆಯೆಂದು ಮುಖದ ತುಂಬ ಯಾರೂ ಬಳಿಯುವುದಿಲ್ಲ. ಗಿಟಾರಿನ ಪೆಡಲಿಗೂ ಇದೇ ನ್ಯಾಯ.

ಇನ್ನು ಪೆಟ್ಟಿಗೆಗಳು ಹೇಗೆ ಕೆಡಿಸುತ್ತವೆ ಎಂಬುದನ್ನು ನೋಡೋಣ. ತೊಗರ್ಸಿಯನ್ನೇ ಉದಾಹರಣೆಗೆ ತೆಗೆದುಕೊಳ್ಳಿ. ಮಲ್ಲಿಕಾರ್ಜುನ ದೇವಸ್ಥಾನದಿಂದ ಹೆಸರಾದ ಆ ಊರಿನ ಬಯಲಿನಲ್ಲಿ ಹಲಗೆಯ ವೇದಿಕೆ ಹಾಕಿ ಸಂಜೆ ಹಾಡಿನ ಕಾರ್ಯಕ್ರಮ ನಡೆಯುತ್ತಿದೆ ಎಂದು ಭಾವಿಸೋಣ. ಗಿಟಾರು ನುಡಿಸುವ ಹುಡುಗ ಮನೆಯ ಕೋಣೆಯಲ್ಲಿ, ಅಕ್ಕಪಕ್ಕದವರಿಗೆ ತೊಂದರೆಯಾಗದಂತೆ ಸಣ್ಣ ಧ್ವನಿಯಲ್ಲಿ ಈಕ್ವಲೈಜರನ್ನು ಹೊಂದಿಸಿಕೊಂಡು ಬಂದಿದ್ದಾನೆ. ಅಲ್ಲಿ ಇಂಪಾಗಿದ್ದ ನಾದ ಇಲ್ಲಿ ಗುಡುಗುಟ್ಟುತ್ತದೆ, ಕಿವಿಯನ್ನೂ ಚುಚ್ಚುತ್ತದೆ. ಕೀಬೋರ್ಡು, ರಿದಂ ಪ್ಯಾಡುಗಳ ನಡುವೆ ಗಿಟಾರು ಮಾತ್ರ ಕಾಣೆಯಾಗುತ್ತದೆ. ಇದೇಕೆ?

ಕಾರಣ ಯಂತ್ರದಲ್ಲಿಲ್ಲ, ನಮ್ಮ ಕಿವಿಯಲ್ಲಿದೆ. ಧ್ವನಿ ಸಣ್ಣದಿದ್ದಾಗ ಮನುಷ್ಯನ ಕಿವಿಗೆ ತೀರ ತಗ್ಗಿನ ಮತ್ತು ತೀರ ಎತ್ತರದ ಸ್ವರಗಳು ಕಡಿಮೆ ಕೇಳಿಸುತ್ತವೆ. ಧ್ವನಿ ದೊಡ್ಡದಾದಂತೆ ಅವು ತಾವಾಗಿಯೇ ತುಂಬಿ ಬರುತ್ತವೆ. ಅಮೆರಿಕದ ಬೆಲ್ ಪ್ರಯೋಗಶಾಲೆಯ ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು 1933ರಲ್ಲಿ ಇದನ್ನು ಅಳೆದು ಪ್ರಕಟಿಸಿದರು. ಮನೆಯಲ್ಲಿ ಹುಡುಗ ಎರಡು ತುದಿಗಳನ್ನೂ ಎತ್ತಿ ನಡುವನ್ನು ಇಳಿಸಿದ್ದಾನೆ. ಬಯಲಿನಲ್ಲಿ ಧ್ವನಿ ಏರಿದಾಗ ತುದಿಗಳು ಎರಡು ಪಟ್ಟು ಎದ್ದವು. ಗಿಟಾರಿನ ಜೀವವಿರುವ ಮಧ್ಯಭಾಗ ಬರಿದಾಯಿತು. ಇಲ್ಲಿ ಬೇಕಾದದ್ದು ಹೊಸ ಪೆಟ್ಟಿಗೆಯಲ್ಲ. ವೇದಿಕೆಯ ಮೇಲೆ ನಿಂತು ಹೊಸದಾಗಿ ಹೊಂದಿಸಿಕೊಳ್ಳುವ ಹತ್ತು ನಿಮಿಷ.

ಇನ್ನೊಂದು ಕಾರಣವೂ ಇದೆ. ಸ್ಪೀಕರಿನಿಂದ ಎತ್ತರದ ಸ್ವರಗಳು ಕೈದೀಪದ ಬೆಳಕಿನಂತೆ ನೇರವಾಗಿ ಮುಂದಕ್ಕೆ ಹೋಗುತ್ತವೆ. ಆಂಪ್ಲಿಫೈಯರು ನೆಲದ ಮೇಲೆ ಮೊಣಕಾಲಿನ ಮಟ್ಟದಲ್ಲಿದ್ದರೆ, ಅದರ ಪಕ್ಕದಲ್ಲಿ ನಿಂತ ವಾದಕನಿಗೆ ಹೊಳಪು ಕೇಳಿಸುವುದಿಲ್ಲ. ಅವನು ಟ್ರೆಬಲ್ ಏರಿಸುತ್ತಾನೆ. ಎದುರು ಕುಳಿತವರ ಕಿವಿ ಸೀಳುತ್ತದೆ. ಆಂಪ್ಲಿಫೈಯರನ್ನು ಒಂದು ಗಟ್ಟಿ ಬೆಂಚಿನ ಮೇಲಿಟ್ಟು ಸ್ವಲ್ಪ ಹಿಂದಕ್ಕೆ ವಾಲಿಸಿದರೆ ಅವನ ಕಿವಿಗೂ ಜನರ ಕಿವಿಗೂ ಒಂದೇ ನಾದ ಮುಟ್ಟುತ್ತದೆ. ಟೊಳ್ಳು ಹಲಗೆಯ ಗುಡುಗೂ ಕಡಿಮೆಯಾಗುತ್ತದೆ. ಖರ್ಚು ಒಂದು ಬೆಂಚು.

ಪೆಟ್ಟಿಗೆಯಿಂದ ನಿಜವಾಗಿ ಉಪಕಾರವಾಗುವ ಸಂದರ್ಭವೂ ಅದೇ ವೇದಿಕೆಯಲ್ಲಿ ಸಿಗುತ್ತದೆ. ಗಿಟಾರಿನಿಂದ ಆಂಪ್ಲಿಫೈಯರಿಗೆ ಹತ್ತು ಹದಿನೈದು ಮೀಟರು ಕೇಬಲು ಎಳೆದರೆ ಎತ್ತರದ ಸ್ವರಗಳ ಹೊಳಪು ಕೇಬಲಿನಲ್ಲೇ ಸೋರಿಹೋಗುತ್ತದೆ. ಕೇಬಲಿನ ಮೊದಲಲ್ಲಿ ‘ಬಫರ್’ ಎಂಬ ಚಿಕ್ಕ ಉಪಕರಣವಿಟ್ಟರೆ ಆ ಸೋರಿಕೆ ನಿಲ್ಲುತ್ತದೆ. ಸೋರಿಹೋದ ಮೇಲೆ ಈಕ್ವಲೈಜರಿನಿಂದ ಟ್ರೆಬಲ್ ಎತ್ತಿದರೆ ಸುಯ್ಯೆನ್ನುವ ಸದ್ದನ್ನೂ ಅಷ್ಟೇ ಎತ್ತಿದಂತಾಗುತ್ತದೆ. ಕೊಡದ ತೂತು ಮುಚ್ಚುವುದು ಬೇರೆ, ಸೋರುವ ಕೊಡಕ್ಕೆ ನೀರು ಸುರಿಯುತ್ತಲೇ ಇರುವುದು ಬೇರೆ. ಸಾಲಿನಲ್ಲಿ ಸೇರುವ ಪ್ರತಿಯೊಂದು ಪೆಟ್ಟಿಗೆಯೂ ತನ್ನದೊಂದು ಸಣ್ಣ ಸದ್ದನ್ನು ಸೇರಿಸುತ್ತದೆ. ಆಂಪ್ಲಿಫೈಯರು ಒಳ್ಳೆಯದಾದಷ್ಟೂ ಆ ಸದ್ದನ್ನು ಸ್ಪಷ್ಟವಾಗಿ ಸಾರುತ್ತದೆ.

ಹಾಗೆಂದು ಬಣ್ಣಕ್ಕಾಗಿ ಬಳಸುವ ಪೆಡಲುಗಳನ್ನು ಹಳಿಯಬೇಕಾಗಿಲ್ಲ. 1961ರಲ್ಲಿ ಅಮೆರಿಕದ ನ್ಯಾಶ್‌ವಿಲ್ ಊರಿನ ಒಂದು ಧ್ವನಿಮುದ್ರಣದಲ್ಲಿ ಉಪಕರಣ ಕೆಟ್ಟು ಗಿಟಾರು ಗೊರಗೊರ ಎಂದಿತು. ಅದು ಜನಕ್ಕೆ ಹಿಡಿಸಿತು. ಮರುವರ್ಷವೇ ಆ ಸದ್ದನ್ನು ಬೇಕೆಂದೇ ಮಾಡುವ ‘ಫಜ್-ಟೋನ್’ ಪೆಡಲು ಮಾರಾಟಕ್ಕೆ ಬಂತು. ಇದು ನಾದವನ್ನು ಸುಧಾರಿಸುವ ಸಾಧನವಲ್ಲ, ಬೇರೆ ನಾದ ಮಾಡುವ ಸಾಧನ. ಹಾಡಿಗೆ ಬೇಕಿದ್ದರೆ ಕೊಳ್ಳಲಿ. ಆದರೆ ಆಂಪ್ಲಿಫೈಯರು ‘ಇನ್ನೂ ಚೆನ್ನಾಗುತ್ತದೆ’ ಎಂಬ ಹೆಸರಿನಲ್ಲಿ ಬೇಡ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಇದು ಪ್ರಾಣದ ವಿಷಯ. ಪೆಟ್ಟಿಗೆಗಳು ಹೆಚ್ಚಿದಂತೆ ಮನೆಯ ವಿದ್ಯುತ್ತಿನ ಗುಂಯ್ ಎಂಬ ಸದ್ದು ಸೇರಿಕೊಳ್ಳುವುದುಂಟು. ಅದನ್ನು ನಿಲ್ಲಿಸಲು ಕೆಲವರು ಪ್ಲಗ್ಗಿನ ದಪ್ಪ ಪಿನ್ನನ್ನು, ಎಂದರೆ ಅರ್ತಿಂಗ್ ಪಿನ್ನನ್ನು, ತೆಗೆದುಹಾಕುತ್ತಾರೆ. ಸದ್ದು ನಿಂತಂತೆ ಕಾಣುತ್ತದೆ. ಆದರೆ ಯಂತ್ರದಲ್ಲಿ ದೋಷ ಬಂದಾಗ ವಿದ್ಯುತ್ತು ಭೂಮಿಗೆ ಹೋಗುವ ದಾರಿ ಮುಚ್ಚಿಹೋಗಿರುತ್ತದೆ. ಆಗ ಒಂದು ಕೈಯಲ್ಲಿ ಗಿಟಾರಿನ ತಂತಿ ಹಿಡಿದು ಇನ್ನೊಂದು ಕೈಯಿಂದ ಮೈಕು ಮುಟ್ಟಿದವನ ದೇಹವೇ ಆ ದಾರಿಯಾಗುತ್ತದೆ. 1972ರ ಮೇ ತಿಂಗಳಿನಲ್ಲಿ ಬ್ರಿಟನ್ನಿನ ಸ್ವಾನ್ಸೀ ನಗರದಲ್ಲಿ ಲೆಸ್ ಹಾರ್ವೆ ಎಂಬ ಗಿಟಾರ್ ವಾದಕ, ಅರ್ತಿಂಗ್ ಸರಿಯಿಲ್ಲದ ಮೈಕನ್ನು ಮುಟ್ಟಿ ವೇದಿಕೆಯ ಮೇಲೆಯೇ ತೀರಿಕೊಂಡ. ಮಳೆಗಾಲದ ಒದ್ದೆ ವೇದಿಕೆ, ಜನರೇಟರಿನ ವಿದ್ಯುತ್ತು ಇರುವ ನಮ್ಮ ಮಲೆನಾಡಿನಲ್ಲಿ ಇದನ್ನು ಎಂದೂ ಮರೆಯಬಾರದು. ಸದ್ದು ಬಂದರೆ ಎಲ್ಲ ಪೆಟ್ಟಿಗೆಗಳನ್ನೂ ತೆಗೆದು ಒಂದೊಂದಾಗಿ ಸೇರಿಸುತ್ತ ಬನ್ನಿ, ಕಳ್ಳ ಸಿಗುತ್ತಾನೆ. ಅರ್ತಿಂಗ್ ಇಲ್ಲದ ಕಡೆ ನುಡಿಸದಿರುವುದೇ ವಿವೇಕ.

ಕೊನೆಯದಾಗಿ, ಅಂಗಡಿಯಲ್ಲಿ ಪರೀಕ್ಷಿಸುವ ಬಗೆ. ಎರಡು ನಾದಗಳಲ್ಲಿ ಯಾವುದು ಸ್ವಲ್ಪ ಜೋರಾಗಿದೆಯೋ ಅದೇ ಚೆನ್ನಾಗಿದೆ ಎಂದು ಕಿವಿ ಸುಲಭವಾಗಿ ನಂಬುತ್ತದೆ. ಅನೇಕ ಪೆಡಲುಗಳು ಒತ್ತಿದೊಡನೆ ಧ್ವನಿಯನ್ನೂ ಒಂದಿಷ್ಟು ಏರಿಸುತ್ತವೆ. ಆದ್ದರಿಂದ ಪೆಡಲು ಇದ್ದಾಗಲೂ ಇಲ್ಲದಾಗಲೂ ಧ್ವನಿ ಸಮನಾಗಿರುವಂತೆ ಹೊಂದಿಸಿಕೊಳ್ಳಿ. ನುಡಿಸುವವರು ಬೆನ್ನು ತಿರುಗಿಸಿ ನಿಲ್ಲಲಿ, ಇನ್ನೊಬ್ಬರು ಪೆಡಲನ್ನು ಸೇರಿಸುತ್ತ ತೆಗೆಯುತ್ತ ಇರಲಿ. ಹತ್ತು ಸಲದಲ್ಲಿ ಯಾವುದು ಯಾವುದೆಂದು ಹೇಳಲಾಗದಿದ್ದರೆ ಹಣವನ್ನು ಜೇಬಿನಲ್ಲೇ ಉಳಿಸಿಕೊಳ್ಳಿ. ಹೊಸ ತಂತಿಗಳಿಗೆ, ಗಟ್ಟಿಯಾದ ಚಿಕ್ಕ ಕೇಬಲಿಗೆ, ಒಬ್ಬ ಒಳ್ಳೆಯ ಗುರುವಿನ ಪಾಠಕ್ಕೆ ಅದು ಉಪಯೋಗವಾಗುತ್ತದೆ. ವ್ಯತ್ಯಾಸ ತಿಳಿದು, ಅದು ಹಾಡಿಗೆ ಬೇಕಾದದ್ದೇ ಆಗಿದ್ದರೆ ಸಂಕೋಚವಿಲ್ಲದೆ ಕೊಡಿಸಿ.

ಉತ್ತಮ ಆಂಪ್ಲಿಫೈಯರು ವಾದಕನ ಬೆರಳನ್ನು ಹಾಗೆಯೇ ಹೊರಗೆ ತೋರಿಸುತ್ತದೆ. ಬೆರಳಿನಲ್ಲಿ ಇಲ್ಲದ ಗಮಕವನ್ನು ಯಾವ ಪೆಟ್ಟಿಗೆಯೂ ಸೇರಿಸಲಾರದು. ಬೆರಳಿನಲ್ಲಿ ಇದ್ದದ್ದು ದಾರಿಯಲ್ಲಿ ಎಲ್ಲೋ ಕಳೆದುಹೋಗುತ್ತಿದ್ದರೆ ಅದನ್ನು ಕಾಪಾಡಲು ಒಂದು ಪೆಟ್ಟಿಗೆ ಸಾಕು. ಮನೆಯ ಹಿರಿಯರು ಕೇಳಬೇಕಾದ ಪ್ರಶ್ನೆಯೂ ಒಂದೇ: “ಏನು ಕಡಿಮೆಯಾಗಿದೆ, ಮಗೂ?” ಅದಕ್ಕೆ ಸ್ಪಷ್ಟ ಉತ್ತರ ಬಂದ ದಿನ ಅಂಗಡಿಗೆ ಹೋಗೋಣ.