ಸೇತುವೆಯ ನೆರಳು ಯಾರದು?

ಸೇತುವೆ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ನೀರು. ಈಚೆಗೊಂದು ದಡ, ಆಚೆಗೊಂದು ದಡ, ನಡುವೆ ಹರಿಯುವ ಹೊಳೆ. ಕಾವೇರಿಯ ಸೀಮೆಯಲ್ಲಿ ಬೆಳೆದ ನನಗೆ, ಶ್ರೀರಂಗಪಟ್ಟಣದಲ್ಲಿ ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ ಕಟ್ಟಿದ ಕಲ್ಲಿನ ಸೇತುವೆಯೇ ಸೇತುವೆಗಳಿಗೆಲ್ಲ ಮಾದರಿ. ಅದರ ಕಂಬಗಳ ನಡುವೆ ನೀರು ನುಗ್ಗುವುದನ್ನು ನೋಡುತ್ತ ನಿಂತರೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಬದುಕು ಬೆಂಗಳೂರಿಗೆ ಕರೆತಂದ ಮೇಲೆ ನೋಡಿದರೆ, ಇಲ್ಲಿ ಹೇಳಿಕೊಳ್ಳುವಂಥ ನದಿಯೇ ಇಲ್ಲ. ಸೇತುವೆಗಳಿಗೆ ಮಾತ್ರ ಬರವಿಲ್ಲ!

ಹೊಳೆಯ ಮೇಲಲ್ಲದೆ ನೆಲದ ಮೇಲೆಯೇ ಸಾಲುಗಂಬಗಳ ಹೆಗಲೇರಿ ಸಾಗುವ ಇಂಥ ಹಾದಿಗೆ ಇಂಗ್ಲಿಷಿನಲ್ಲಿ ವಯಾಡಕ್ಟ್ ಎಂದು ಹೆಸರು. ಲ್ಯಾಟಿನ್ನಿನಲ್ಲಿ ‘ವಿಯ’ ಎಂದರೆ ದಾರಿ. ಪದದ ಉಳಿದ ಭಾಗಕ್ಕೆ ಒಯ್ಯುವುದು ಎಂದರ್ಥ. ನೀರನ್ನು ಒಯ್ಯುತ್ತಿದ್ದ ರೋಮನ್ನರ ಮೇಲ್ಗಾಲುವೆಗಳ ಹೆಸರನ್ನು ಅನುಸರಿಸಿ ಹತ್ತೊಂಬತ್ತನೆಯ ಶತಮಾನದಲ್ಲಿ ರೂಢಿಗೆ ಬಂದ ಮಾತು ಇದು. ನಾವು ಮೇಲುಸೇತುವೆ ಎನ್ನುತ್ತೇವೆ. ಇದು ದಾಟುವುದು ಏನನ್ನು? ಊರನ್ನೇ. ಇಲ್ಲಿ ಕೆಳಗೆ ಹರಿಯುವ ಹೊಳೆ ಎಂದರೆ ನಾವು, ನಮ್ಮ ನೆರೆಹೊರೆಯವರು.

ಮೇಲಿನ ಪ್ರಯಾಣದ ಸುಖವನ್ನು ನಾನು ಅಲ್ಲಗಳೆಯಲಾರೆ. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಮಹಾತ್ಮ ಗಾಂಧಿ ರಸ್ತೆಯವರೆಗೆ ಮೆಟ್ರೊ ಓಡತೊಡಗಿತಷ್ಟೆ. ಆ ಹೊಸತರಲ್ಲಿ, ಕೆಲಸವಿಲ್ಲದಿದ್ದರೂ ಹೋಗಿ ಕುಳಿತವರಲ್ಲಿ ನಾನೂ ಒಬ್ಬ. ಮರಗಳ ನೆತ್ತಿಯ ಮಟ್ಟದಲ್ಲಿ ಸಾಗುವಾಗ ಊರು ತನ್ನ ಇನ್ನೊಂದು ಮುಖವನ್ನು ತೋರಿತು: ಮಹಡಿಯ ಮೇಲಿನ ತುಳಸಿ, ಬಿಸಿಲಿಗೆ ಹರವಿದ ಹಪ್ಪಳ, ಗಾಳಿಪಟದ ದಾರ ಬಿಡಿಸುತ್ತಿದ್ದ ಹುಡುಗ. ರಸ್ತೆಯ ದಟ್ಟಣೆಯಲ್ಲಿ ಸವೆಯುತ್ತಿದ್ದ ಆಯುಷ್ಯದಲ್ಲಿ ಒಂದಿಷ್ಟು ಉಳಿಯಿತು ಎಂದು ಜನ ಸಮಾಧಾನಪಟ್ಟರೆ ಅದು ಉತ್ಪ್ರೇಕ್ಷೆಯಲ್ಲ.

ಆದರೆ ಸೇತುವೆಗೆ ಮೇಲು ಇರುವಂತೆ ಕೆಳಗೂ ಇದೆ. ಮೇಲನ್ನು ಎಂಜಿನಿಯರರು ಲೆಕ್ಕಹಾಕಿ ಕಟ್ಟುತ್ತಾರೆ; ಕೆಳಗು ಬಹುಮಟ್ಟಿಗೆ ತಾನಾಗಿಯೇ ಬೆಳೆಯುತ್ತದೆ. ನೆರಳು ಕಂಡಲ್ಲಿ ಮನುಷ್ಯ ನಿಲ್ಲುತ್ತಾನೆ. ನಿಂತವನ ಬಳಿಗೆ ಹೂವಿನ ಬುಟ್ಟಿ ಬರುತ್ತದೆ, ಚಹದ ಕೆಟಲು ಬರುತ್ತದೆ. ಹಿಂದೆ ಅರಳಿಕಟ್ಟೆ ಮಾಡುತ್ತಿದ್ದ ಕೆಲಸವನ್ನು ಈಗ ಕಾಂಕ್ರೀಟಿನ ಈ ಚಪ್ಪರ ಮಾಡುತ್ತಿದೆ.

ನಾನಿರುವ ಬಡಾವಣೆಯ ಮೇಲುಸೇತುವೆಯ ಅಡಿಯಲ್ಲಿ ಒಬ್ಬ ಅಜ್ಜ ಚಪ್ಪಲಿ ಹೊಲಿಯುತ್ತ ಕೂರುತ್ತಿದ್ದ. ಮಳೆ ಬಂದರೆ ಶಾಲೆಯ ಮಕ್ಕಳು ಅವನ ಸುತ್ತ ಗುಂಪುಗೂಡುವರು. ಕಿತ್ತುಹೋದ ಪುಸ್ತಕದ ಚೀಲಕ್ಕೆ ಎರಡು ಹೊಲಿಗೆ ಹಾಕಿದರೆ ಅವನು ಮಕ್ಕಳಿಂದ ಕಾಸು ಕೇಳುತ್ತಿರಲಿಲ್ಲ. ಹೀಗಿರಲು, ಸೇತುವೆಯ ಅಡಿಯನ್ನು ಅಂದಗೊಳಿಸಬೇಕೆಂದು ಬಡಾವಣೆಯವರು ಒಂದು ಮನವಿ ಬರೆದು, “ಭಾಷೆ ಸ್ವಲ್ಪ ತಿದ್ದಿಕೊಡಿ ಸಾರ್” ಎಂದು ನನ್ನ ಬಳಿಗೆ ತಂದರು. ತಿದ್ದಿಕೊಟ್ಟೆ, ಸಹಿಯನ್ನೂ ಹಾಕಿದೆ.

ಕೆಲವೇ ತಿಂಗಳಲ್ಲಿ ಕಂಬದಿಂದ ಕಂಬಕ್ಕೆ ಕಬ್ಬಿಣದ ಜಾಲರಿ ಬಂತು. ಒಳಗೆ ಹೂಕುಂಡಗಳು ಬಂದವು. ಕಂಬಗಳ ಮೇಲೆ ಹಂಸಗಳ ಚಿತ್ರ ಬಂತು. ಅಜ್ಜ ಹೋದ. ಬಿಸಿಲೂ ಮಳೆಯೂ ತಾಕದ ಆ ಜಾಗದಲ್ಲಿ ಗಿಡಗಳು ಬೇಸಗೆ ಬರುವ ಮೊದಲೇ ಒಣಗಿದವು. ಮುಂದಿನ ಮಳೆಗೆ ಮಕ್ಕಳು ಜಾಲರಿಗೆ ಬೆನ್ನೊತ್ತಿ, ನೆನೆಯುತ್ತ ನಿಂತದ್ದನ್ನು ಕಂಡೆ. ಆಗ ನೆನಪಾಯಿತು: ಆ ಮನವಿಯಲ್ಲಿ ಮೊದಲು ‘ಕಂಡಕಂಡವರನ್ನು ಎಬ್ಬಿಸಬೇಕು’ ಎಂದಿತ್ತು. ಒರಟಾಯಿತೆಂದು ನಾನೇ ಅದನ್ನು ಹೊಡೆದು ‘ಅನಧಿಕೃತ ವ್ಯಕ್ತಿಗಳನ್ನು ತೆರವುಗೊಳಿಸತಕ್ಕದ್ದು’ ಎಂದು ಬರೆದಿದ್ದೆ. ಒರಟು ಮಾತಿಗೆ ಯಾರಾದರೂ ಎದುರಾಡುತ್ತಿದ್ದರೇನೋ; ನನ್ನ ಶಿಷ್ಟಭಾಷೆಗೆ ಯಾರೂ ಎದುರಾಡಲಿಲ್ಲ.

ಸೇತುವೆಯ ಅಡಿ ಯಾರದು ಎಂಬುದು ಹೊಸ ಪ್ರಶ್ನೆಯೇನೂ ಅಲ್ಲ. ಲಂಡನ್ನಿನಿಂದ ಗ್ರೀನಿಚ್ಚಿನ ಕಡೆಗೆ 1836ರಲ್ಲಿ ರೈಲು ಓಡಿದಾಗ, ಆ ದಾರಿಗಾಗಿ ಇಟ್ಟಿಗೆಯ 878 ಕಮಾನುಗಳನ್ನು ಕಟ್ಟಿದ್ದರು. ಕಮಾನುಗಳ ಕೆಳಗೆ ಮನೆ ಮಾಡಿ ಬಾಡಿಗೆಗೆ ಕೊಡುವುದು ಕಂಪನಿಯ ಆಸೆ. ಡೆಟ್ಫರ್ಡಿನಲ್ಲಿ ಪರೀಕ್ಷೆಗೆಂದು ಮನೆಗಳನ್ನು ಕಟ್ಟಿಯೂ ನೋಡಿದರು. ಮೇಲಿನಿಂದ ನೀರು ತೊಟ್ಟಿಕ್ಕಿತು. ಗಾಡಿಯ ಸದ್ದು ತಲೆಯ ಮೇಲೆಯೇ ಗುಡುಗಿತು. ಮನೆಯ ಆಸೆ ಬಿಟ್ಟರು. ಮುಂದೆ ಅಂಥ ಕಮಾನುಗಳಲ್ಲಿ ಲಾಯ, ಉಗ್ರಾಣ, ಸಣ್ಣ ಕಾರ್ಖಾನೆಗಳು ನೆಲೆಯೂರಿದವು. ಹೆಚ್ಚು ಬಾಡಿಗೆ ತೆರಲಾರದ ಕಸುಬುದಾರನಿಗೆ ಆ ಗದ್ದಲದ ಅಡಿಯೇ ಆಸರೆಯಾಯಿತು. 2019ರಲ್ಲಿ ಬ್ರಿಟನ್ನಿನ ರೈಲು ಸಂಸ್ಥೆ ಕಮಾನುಗಳೇ ಹೆಚ್ಚಾಗಿದ್ದ ಸುಮಾರು 5,200 ಜಾಗಗಳ ಗುತ್ತಿಗೆಯ ಹಕ್ಕನ್ನು ಹಣ ಹೂಡುವ ಕಂಪನಿಗಳಿಗೆ ಮಾರಿದಾಗ, ಬಾಡಿಗೆದಾರರು ಕೂಡಿ ದನಿಯೆತ್ತಿದರು. ಅವರನ್ನು ಕಾಡಿದ್ದು ಬಾಡಿಗೆ ಏರುವ ಭಯ. ಅಲ್ಲಿ ಜಾಲರಿಯ ಬದಲು ದರಪಟ್ಟಿ ಬಂತು, ಅಷ್ಟೇ ವ್ಯತ್ಯಾಸ.

ಬೇರೆ ಬಗೆಯೂ ಉಂಟು. ಪ್ಯಾರಿಸ್ಸಿನ ಬಾಸ್ಟೀಲಿನಿಂದ 1859ರಲ್ಲಿ ಹೊರಟ ರೈಲುದಾರಿ 1969ರಲ್ಲಿ ನಿಂತುಹೋಯಿತು. ಅದರ ಕಮಾನುಸೇತುವೆಯನ್ನು ಕೆಡವದೆ, ಮೇಲೆ ಉದ್ದಕ್ಕೂ ನಡೆಯುವ ತೋಟ ಮಾಡಿದರು. ಕೆಳಗಿನ ಕಮಾನುಗಳನ್ನು ಕುಶಲಕರ್ಮಿಗಳ ಕಾರ್ಯಶಾಲೆಗಳಿಗೆ ಕೊಟ್ಟರು. ನಮ್ಮ ಮಹಾತ್ಮ ಗಾಂಧಿ ರಸ್ತೆಯಲ್ಲಿ ಮೆಟ್ರೊಗಾಗಿ ಬೋಗನ್‌ವಿಲ್ಲಾ ಬಳ್ಳಿಯ ಕೆಳಗಿನ ಹಳೆಯ ಕಾಲುದಾರಿಯನ್ನು ಕಳೆದುಕೊಂಡೆವು. 2013ರಲ್ಲಿ ಅಲ್ಲಿಯೇ ಒಂದು ಕಲಾಕೇಂದ್ರ ತೆರೆಯಿತು. ಕಳೆದುಕೊಂಡದ್ದಕ್ಕೆ ಅದು ಸಮನಲ್ಲ. ಆದರೂ ಮೇಲನ್ನು ಕಟ್ಟುವವರು ಕೆಳಗನ್ನೂ ಯೋಚಿಸಬಲ್ಲರು ಎಂಬುದಕ್ಕೆ ಸಾಕ್ಷಿ.

ಯೋಚಿಸಲು ದೊಡ್ಡ ಹಣವೇನೂ ಬೇಡ. ಸೇತುವೆಯ ನಕ್ಷೆ ಬರೆಯುವಾಗಲೇ ಕೆಳಗೊಂದು ಕಲ್ಲುಬೆಂಚು, ಒಂದು ದೀಪ, ಒಂದು ನಲ್ಲಿ, ಕಸುಬಿನವನಿಗೆ ನಾಲ್ಕು ಅಡಿ ಜಾಗ ಬರೆದರೆ ಸಾಕು. ಬೀದಿಬದಿಯ ವ್ಯಾಪಾರಿಗಳ ರಕ್ಷಣೆಗೆಂದು 2014ರಲ್ಲಿ ಸಂಸತ್ತು ಮಾಡಿದ ಕಾಯಿದೆ ಇದೆ. ಬೀದಿಯಲ್ಲಿ ಸರಕು ಮಾರುವವರಷ್ಟೇ ಅಲ್ಲ, ಸೇವೆ ಒದಗಿಸುವವರೂ ಅದರ ವ್ಯಾಪ್ತಿಗೆ ಬರುತ್ತಾರೆ. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸಕೂಡದೆಂದು ಅದು ಹೇಳುತ್ತದೆ. ಅದನ್ನು ಓದಿದ ಮೇಲೆ, ‘ಅನಧಿಕೃತ’ ಎಂಬ ಪದವನ್ನು ಅಷ್ಟು ಸಲೀಸಾಗಿ ಬರೆಯಲು ನನಗೆ ಯಾವ ಅಧಿಕಾರವಿತ್ತು ಎಂದು ನಾಚಿಕೆಯಾಯಿತು.

ಆ ಅಜ್ಜನನ್ನು ಹುಡುಕಿದೆ, ಸಿಗಲಿಲ್ಲ. ಈಚೆಗೆ ಇನ್ನೊಂದು ಮನವಿ ಬರೆದು ಕೊಟ್ಟು ಬಂದಿದ್ದೇನೆ. ಈ ಸಲ ಭಾಷೆಯ ಅಲಂಕಾರಕ್ಕೆ ಹೋಗಲಿಲ್ಲ. ಬಸ್ಸಿನ ತಂಗುದಾಣದ ಎದುರಿನ ಎರಡು ಕಂಬಗಳ ನಡುವಿನ ಜಾಲರಿಯನ್ನು ತೆಗೆಯಿರಿ, ಮಕ್ಕಳು ಮಳೆಗೆ ನಿಲ್ಲಬೇಕು ಎಂದಷ್ಟೇ ಬರೆದಿದ್ದೇನೆ. ಉತ್ತರ ಇನ್ನೂ ಬಂದಿಲ್ಲ. ಮಳೆಗಾಲ ಮಾತ್ರ ಹತ್ತಿರ ಬರುತ್ತಿದೆ.