ಚುಕ್ಕೆ ಗುರುತಿನ ಪ್ರಶ್ನೆ

ಅಕ್ಕನ ಮಗಳು ರಾಜ್ಯಶಾಸ್ತ್ರ ಓದುತ್ತಿದ್ದಾಳೆ. ಬೆಳಗಾವಿಯ ಚಳಿಗಾಲದ ಅಧಿವೇಶನಕ್ಕೆಂದು ಶಾಸಕರೊಬ್ಬರ ಕಚೇರಿಗೆ ಇಂಟರ್ನ್ ಆಗಿ ಸೇರಿದಳು, ಅದೂ ಮೂರು ವಾರ ಮುಂಚೆಯೇ. 2012ರಲ್ಲಿ ಉದ್ಘಾಟನೆಯಾದ ಸುವರ್ಣ ವಿಧಾನಸೌಧದಲ್ಲಿ ಕೂತು ಭಾಷಣ ಕೇಳುವ ಆಸೆ ಅವಳದು. ಕೈಗೆ ಬಂದದ್ದು ಮಾತ್ರ ಅರ್ಜಿಗಳ ಕಟ್ಟು.

ಅದರಲ್ಲೊಂದು, ನೋಟ್‌ಬುಕ್ಕಿನಿಂದ ಹರಿದ ಹಾಳೆ. ಮಡಚಿದ ಕಡೆ ಶಾಯಿ ಅಳಿಸಿತ್ತು. ಶಾಲೆಯ ದಾರಿಯ ಹಳ್ಳಕ್ಕೆ ಸೇತುವೆ ಬೇಕು, ಮಳೆ ಬಂದರೆ ಮಕ್ಕಳಿಗೆ ರಜೆ, ಅಷ್ಟೇ. ಅದನ್ನು ಸದನದ ಪ್ರಶ್ನೆಯಾಗಿಸಬೇಕು. ಲೋಕೋಪಯೋಗಿ ಇಲಾಖೆಗೋ, ಪಂಚಾಯತ್ ರಾಜ್ ಇಲಾಖೆಗೋ? ಚುಕ್ಕೆ ಗುರುತಿದ್ದರೆ ಸಚಿವರು ಎದ್ದು ನಿಂತು ಉತ್ತರಿಸಬೇಕು, ಮೇಲೊಂದು ಉಪಪ್ರಶ್ನೆಯನ್ನೂ ಕೇಳಬಹುದು. ಗುರುತಿಲ್ಲದಿದ್ದರೆ ಲಿಖಿತ ಉತ್ತರ. ನಾಲ್ಕು ಸಾಲಿನ ಪ್ರಶ್ನೆಗೆ ಅವಳು ಎರಡು ದಿನ ತೆಗೆದುಕೊಂಡಳು.

ಆ ಪ್ರಶ್ನೆ ಸದನದಲ್ಲಿ ಬರಬೇಕಿದ್ದ ದಿನ ಗದ್ದಲವೆದ್ದು ಪ್ರಶ್ನೋತ್ತರ ವೇಳೆಯೇ ಕೊಚ್ಚಿಹೋಯಿತು. "ಟಿ.ವಿ.ಯಲ್ಲಿ ಗದ್ದಲ ಕಾಣುತ್ತೆ ಮಾವ, ಆ ಹಾಳೆ ಕಾಣಲ್ಲ" ಎಂದಳು. ನನ್ನ ಬಳಿ ಉತ್ತರವಿರಲಿಲ್ಲ. (ಗದ್ದಲದ ದೃಶ್ಯವನ್ನು ನಾನೂ ಕಣ್ಣು ಮಿಟುಕಿಸದೆ ನೋಡಿದ್ದೆ.)

ಇನ್ನೊಂದು ಮಾತು ಹೇಳಿದಳು: ಎಷ್ಟೋ ಅರ್ಜಿಗಳಲ್ಲಿ ಊರಿನ ಹೆಸರೇ ಇರುವುದಿಲ್ಲವಂತೆ. ಕೇಳುಗರೇ, ಶಾಸಕರಿಗೆ ಅರ್ಜಿ ಬರೆಯುವಾಗ ಊರು, ಹೋಬಳಿ, ತಾಲೂಕು ಬಿಡಿಸಿ ಬರೆಯಿರಿ. ಅದನ್ನು ಮೊದಲು ಓದುವವಳು ಆ ಊರನ್ನು ನೋಡಿರುವುದಿಲ್ಲ.