ಆಟದ ನಕ್ಷೆ: ಚಿಕ್ಕದೋ, ದೊಡ್ಡದೋ?

(ಸಂಘದ ವಾರ್ಷಿಕ ಸಭೆಯ ವಿದ್ಯಾರ್ಥಿ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಮೊಬೈಲಿನಲ್ಲಿ ಆಡುವ ಆಟಗಳ ನಕ್ಷೆಗಳ ಬಗ್ಗೆ ಮಾತನಾಡುತ್ತೇನೆ ಎಂದಾಗ ಸಂಘದ ಹಿರಿಯರೊಬ್ಬರು ನಕ್ಕು, “ಮಾಸ್ತರೇ, ಮಕ್ಕಳ ಕೈಯಿಂದ ಮೊಬೈಲ್ ಬಿಡಿಸುವುದು ಹೇಗೆ ಅಂತ ಹೇಳಿ, ಅಷ್ಟು ಸಾಕು” ಎಂದರು. ಅವರ ಕಳಕಳಿ ನ್ಯಾಯವಾದದ್ದೇ. ಆದರೆ ಮೊಬೈಲ್ ಬಿಡು ಎಂದು ಹೇಳಲು ಮನೆಯಲ್ಲಿ ತಂದೆ ತಾಯಿ ಇದ್ದಾರೆ, ಅವರು ದಿನಾ ಹೇಳುತ್ತಲೇ ಇದ್ದಾರೆ. ಮಗ ಆಡುತ್ತಿರುವುದಾದರೂ ಏನನ್ನು ಎಂದು ಪಕ್ಕದಲ್ಲಿ ಕುಳಿತು ನೋಡಿದವರು ಕಡಿಮೆ. ಆ ಕೆಲಸವನ್ನು ಇವತ್ತು ನಾನು ಸ್ವಲ್ಪ ಮಾಡುತ್ತೇನೆ.

ನಾನು ಹೇಳುತ್ತಿರುವುದು ಗುಂಡು ಹಾರಿಸುವ ಆಟಗಳ ವಿಷಯವಲ್ಲ. ಹಣ ಕಟ್ಟಿ ಆಡುವ ಆಟಗಳ ವಿಷಯವಂತೂ ಅಲ್ಲವೇ ಅಲ್ಲ. ಅವುಗಳನ್ನು ನಿಷೇಧಿಸಿ 2025ರಲ್ಲಿ ಸಂಸತ್ತು ಕಾಯ್ದೆಯನ್ನೇ ಮಾಡಿದೆ. ಹಿಂದೆ ರಟ್ಟಿನ ಹಲಗೆ ಹಾಸಿ ಆಡುತ್ತಿದ್ದ ತಂತ್ರದ ಆಟಗಳು ಇವೆ. ರಿಸ್ಕ್, ಡಿಪ್ಲೊಮಸಿ ಅಂಥವು. ಅದೇ ಮಾದರಿಯಲ್ಲಿ ಅಂತರಜಾಲದಲ್ಲೇ ಹುಟ್ಟಿದ ವಾರ್‌ಜೋನ್ ಎಂಬುದೂ ಇದೆ. (ಇದೇ ಹೆಸರಿನ ಗುಂಡು ಹಾರಿಸುವ ಆಟ ಬೇರೆ. ಇದನ್ನು ಮೊದಲು ವಾರ್‌ಲೈಟ್ ಎನ್ನುತ್ತಿದ್ದರು.) ಎಲ್ಲದರಲ್ಲೂ ಒಂದು ನಕ್ಷೆ, ಅದರ ಮೇಲೆ ಪ್ರದೇಶಗಳು, ಪ್ರದೇಶಗಳಲ್ಲಿ ನಿಮ್ಮ ಸೈನ್ಯ. ಆನ್‌ಲೈನ್‌ನಲ್ಲಿ ಆಡುವವರಿಗೆ ಮೊದಲು ಎದುರಾಗುವ ಪ್ರಶ್ನೆಯೇ ಯಾವ ನಕ್ಷೆ ಎಂಬುದು. ಕೆಲವೇ ಪ್ರದೇಶಗಳ ಪುಟ್ಟ ನಕ್ಷೆಯೂ ಇದೆ, ನೂರಾರು ಪ್ರದೇಶಗಳು ಇರುವೆಗಳಂತೆ ಮುತ್ತಿಕೊಂಡ ನಕ್ಷೆಯೂ ಇದೆ. ನಮ್ಮ ಹುಡುಗರು ದೊಡ್ಡದನ್ನೇ ಆರಿಸುತ್ತಾರೆ. ಕೇಳಿದರೆ, “ಚಿಕ್ಕದು ಚಿಕ್ಕ ಮಕ್ಕಳಿಗೆ ಸರ್” ಎನ್ನುತ್ತಾರೆ. ಈ ಮಾತನ್ನು ನಾನು ಒಪ್ಪುವುದಿಲ್ಲ.

ಆಟದ ನಕ್ಷೆ ಎಂದರೆ ಏನು ಎಂಬುದನ್ನು ಮೊದಲು ನೋಡೋಣ. ಬಣ್ಣ, ಸಮುದ್ರ, ಹಡಗಿನ ಚಿತ್ರ ಎಲ್ಲವನ್ನೂ ಒರೆಸಿಹಾಕಿದರೆ ಉಳಿಯುವುದು ಚುಕ್ಕೆಗಳು ಮತ್ತು ಅವುಗಳನ್ನು ಸೇರಿಸುವ ಗೆರೆಗಳು. ಎಲ್ಲಿಂದ ಎಲ್ಲಿಗೆ ದಾರಿ ಇದೆ, ಎಲ್ಲಿಂದ ಇಲ್ಲ, ಅಷ್ಟೇ ವಿಷಯ. ಕೋನಿಗ್ಸ್‌ಬರ್ಗ್ ಎಂಬ ಊರಿನ ಏಳು ಸೇತುವೆಗಳನ್ನು ಒಂದೊಂದೇ ಸಲ ದಾಟಿ ಸುತ್ತಿಬರಲು ಸಾಧ್ಯವೇ ಎಂಬ ಪ್ರಶ್ನೆಗೆ 1736ರಲ್ಲಿ ಆಯ್ಲರ್ ಎಂಬ ಗಣಿತಜ್ಞ ಹೀಗೆಯೇ ಊರಿನ ವಿವರವನ್ನೆಲ್ಲ ಬದಿಗಿಟ್ಟು ಯೋಚಿಸಿ, ಸಾಧ್ಯವಿಲ್ಲ ಎಂದು ತೋರಿಸಿದ. ನಮ್ಮ ಹುಲಿ-ಕುರಿ ಆಟದ ಮನೆಯೂ ಇದೇ ಜಾತಿಯದು. ಸಾಮಾನ್ಯವಾಗಿ 23 ಚುಕ್ಕೆ, 3 ಹುಲಿ, 15 ಕುರಿ. ಹಳೆಯ ಮಂಟಪಗಳ ಕಲ್ಲುಹಾಸಿನ ಮೇಲೆ ಇಂಥ ಆಟದ ಮನೆಗಳನ್ನು ಕೊರೆದಿರುವುದನ್ನು ನೀವು ಪ್ರವಾಸದಲ್ಲಿ ನೋಡಿರಬಹುದು. ಇಪ್ಪತ್ತಮೂರೇ ಚುಕ್ಕೆಯ ಆಟವನ್ನು ಹಳ್ಳಿಯ ಕಟ್ಟೆಯ ಮೇಲೆ ಮಧ್ಯಾಹ್ನವಿಡೀ ಆಡುತ್ತಿದ್ದವರು ಚಿಕ್ಕ ಮಕ್ಕಳೇನಲ್ಲ.

ಈಗ ರಿಸ್ಕ್‌ಗೆ ಬರೋಣ. ಫ್ರಾನ್ಸಿನ ಚಲನಚಿತ್ರ ನಿರ್ದೇಶಕ ಆಲ್ಬೆರ್ ಲಮೊರಿಸ್ ರೂಪಿಸಿದ ಈ ಆಟ 1957ರಲ್ಲಿ ಹೊರಬಂತು. ಇಡೀ ಜಗತ್ತಿಗೆ 42 ಪ್ರದೇಶ, 6 ಖಂಡ. ನಮ್ಮ ತರಗತಿಯ ಹುಡುಗರು ಇದನ್ನು ನೋಡಿದ ಕೂಡಲೇ ತಪ್ಪು ಹುಡುಕುತ್ತಾರೆ. “ಸರ್, ಇದರಲ್ಲಿ ಇಂಡಿಯಾಕ್ಕೆ ನಾಲ್ಕೇ ನೆರೆ. ಮಧ್ಯಪ್ರಾಚ್ಯ, ಅಫ್ಘಾನಿಸ್ತಾನ, ಚೀನಾ, ಸಯಾಮ್. ಉಳಿದ ದೇಶಗಳೆಲ್ಲ ಎಲ್ಲಿ?” ಇನ್ನೊಬ್ಬ, “ಈ ಬಲತುದಿಯ ಕಮ್ಚಟ್ಕಾದಿಂದ ಆ ಎಡತುದಿಯ ಅಲಾಸ್ಕಾಕ್ಕೆ ಗೆರೆ ಎಳೆದಿದ್ದಾರಲ್ಲ?” ಎನ್ನುತ್ತಾನೆ. ಗೋಡೆಯ ನಕ್ಷೆ ಚಪ್ಪಟೆ, ಭೂಮಿ ದುಂಡಗೆ; ಏಷ್ಯಾದ ಪೂರ್ವತುದಿಗೂ ಅಲಾಸ್ಕಾಕ್ಕೂ ನಡುವಿನ ಬೇರಿಂಗ್ ಜಲಸಂಧಿ ತೀರಾ ಕಿರಿದಾದಲ್ಲಿ ನೂರು ಕಿಲೋಮೀಟರೂ ಇಲ್ಲ ಎಂದು ಗೋಳ ತಿರುಗಿಸಿ ತೋರಿಸಬೇಕಾಗುತ್ತದೆ. ಆ ದಿನದ ಭೂಗೋಳದ ಪಾಠ ಪುಕ್ಕಟೆ.

ಆಟದ ದೃಷ್ಟಿಯಿಂದ ನೋಡಬೇಕಾದದ್ದು ಬಾಗಿಲುಗಳನ್ನು. ಆಸ್ಟ್ರೇಲಿಯಾ ಖಂಡದಲ್ಲಿ ನಾಲ್ಕು ಪ್ರದೇಶ, ಒಳಗೆ ಬರಲು ಇರುವ ಬಾಗಿಲು ಒಂದೇ, ಸಯಾಮಿನಿಂದ ಇಂಡೋನೇಷ್ಯಾಕ್ಕೆ. ಖಂಡ ಪೂರ್ತಿ ಕೈಯಲ್ಲಿದ್ದರೆ ಪ್ರತಿ ಸರದಿಗೆ 2 ಹೆಚ್ಚುವರಿ ಸೈನ್ಯ. ದಕ್ಷಿಣ ಅಮೆರಿಕಕ್ಕೂ ನಾಲ್ಕೇ ಪ್ರದೇಶ, ಅದೇ 2 ಸೈನ್ಯ, ಆದರೆ ಬಾಗಿಲು ಎರಡು. ಏಷ್ಯಾಕ್ಕೆ 12 ಪ್ರದೇಶ, 7 ಸೈನ್ಯ. ಬಾಗಿಲುಗಳನ್ನು ಎಣಿಸಿದರೆ ಕಾಯುವ ಆಸೆಯೇ ಹೋಗುತ್ತದೆ. ಹೊಸಬನಿಗೆ ಎರಡು ಆಟದಲ್ಲಿ ಆಸ್ಟ್ರೇಲಿಯಾದ ಗುಟ್ಟು ತಿಳಿಯುತ್ತದೆ. ಆದರೆ ಅದು ಎಲ್ಲರಿಗೂ ತಿಳಿದ ಗುಟ್ಟು! ಹಾಗಾಗಿ ನಿಜವಾದ ಆಟ ಶುರುವಾಗುವುದೇ ಅದಾದ ಮೇಲೆ. ಇಂಡೋನೇಷ್ಯಾಕ್ಕಾಗಿ ಇಬ್ಬರು ಕಾದಾಡಿ ಸವೆಯುವಾಗ ಮೂರನೆಯವನು ದಕ್ಷಿಣ ಅಮೆರಿಕದಲ್ಲಿ ಸದ್ದಿಲ್ಲದೆ ಬೆಳೆಯುತ್ತಾನೆ. ನಕ್ಷೆ ಎಲ್ಲರಿಗೂ ಸಮಾನವಾಗಿ ಗೊತ್ತಿರುವುದರಿಂದ ಪರೀಕ್ಷೆಗೆ ಒಳಗಾಗುವುದು ನಿಮ್ಮ ನಿರ್ಧಾರ, ನಿಮ್ಮ ತಾಳ್ಮೆ, ಎದುರಾಳಿಯ ಮನಸ್ಸನ್ನು ನೀವು ಓದಿದ ಬಗೆ.

ಡಿಪ್ಲೊಮಸಿಯಲ್ಲಂತೂ ದಾಳವೇ ಇಲ್ಲ. ಅಮೆರಿಕದ ಆಲನ್ ಕ್ಯಾಲ್ಹಮರ್ 1959ರಲ್ಲಿ ಹೊರತಂದ ಆಟ ಅದು. ಮೊದಲ ಮಹಾಯುದ್ಧಕ್ಕೆ ಮುಂಚಿನ ಯುರೋಪಿನ ನಕ್ಷೆ, 75 ಪ್ರದೇಶ, 7 ರಾಷ್ಟ್ರ, 34 ಕೇಂದ್ರ. 18 ಕೇಂದ್ರ ಗಳಿಸಿದವನಿಗೆ ಗೆಲುವು. ಮೂಲೆಯಲ್ಲಿರುವ ತುರ್ಕಿಗೆ ಬೆನ್ನು ಭದ್ರ, ನಡುವೆ ಸಿಕ್ಕಿಕೊಂಡ ಆಸ್ಟ್ರಿಯಾಕ್ಕೆ ಎಲ್ಲ ಕಡೆಯೂ ನೆರೆಹೊರೆ. ಅಲ್ಲಿ ಸೈನ್ಯ ನಡೆಸುವುದಕ್ಕಿಂತ ನೆರೆಯವನೊಂದಿಗೆ ಮಾತುಕತೆ ನಡೆಸುವುದೇ ಹೆಚ್ಚು. ಆ ನಕ್ಷೆಯನ್ನು ಒಂದು ಸಂಜೆಯಲ್ಲಿ ಬಾಯಿಪಾಠ ಮಾಡಬಹುದು. ಜನ ಅದನ್ನು ಅರುವತ್ತಕ್ಕೂ ಹೆಚ್ಚು ವರ್ಷಗಳಿಂದ ಆಡುತ್ತಲೇ ಇದ್ದಾರೆ.

ಉರ್ದು ಕಲಿಸುವವನಾದ್ದರಿಂದ ಶತರಂಜಿನ ವಿಷಯ ಹೇಳದೆ ಮುಂದೆ ಹೋಗಲಾರೆ. ಭಾರತದ ಚತುರಂಗ ಇರಾನಿಗೆ, ಅಲ್ಲಿಂದ ಅರಬರಿಗೆ ಹೋಗಿ ಶತರಂಜ್ ಆಯಿತು. ಹತ್ತನೆಯ ಶತಮಾನದಲ್ಲಿ ಬಗ್ದಾದಿನ ಅಸ್-ಸೂಲಿ ಅದರ ಮೇಲೆ ಗ್ರಂಥ ಬರೆದ ಆಟಗಾರ. ನಂತರ ತೈಮೂರನ ಕಾಲದಲ್ಲಿ ಒಂದು ಮಹಾ ಶತರಂಜ್ ಇತ್ತು. 64 ಮನೆಯ ಹಲಗೆ ಸಾಲದೆ 11 ಮನೆ ಉದ್ದ, 10 ಮನೆ ಅಗಲದ ಹಲಗೆ. ಮೇಲಾಗಿ ಎರಡು ಕಡೆ ಒಂದೊಂದು ಕೋಟೆಯ ಮನೆ. ಒಟ್ಟು 112. ಒಂಟೆ, ಜಿರಾಫೆಗಳೂ ಕಾಯಿಗಳಾಗಿದ್ದವು. ತೈಮೂರನಿಗೆ ಈ ಆಟ ಬಲು ಇಷ್ಟವಾಗಿತ್ತಂತೆ. ಇಂದು ಅದನ್ನು ಆಡುವವರು ವಿರಳ. 64 ಮನೆಯದು ಜಗತ್ತಿನ ಮೂಲೆ ಮೂಲೆಯಲ್ಲಿದೆ. ಆ ಹಲಗೆ ಬದಲಾಗದೆ ಉಳಿಯಿತು, ಆಟ ಮಾತ್ರ ಬದಲಾಯಿತು. ಹದಿನೈದನೆಯ ಶತಮಾನದ ಕೊನೆಯ ಹೊತ್ತಿಗೆ ಯುರೋಪಿನಲ್ಲಿ ಒಂದೊಂದೇ ಮನೆ ಓರೆಯಾಗಿ ನಡೆಯುತ್ತಿದ್ದ ವಜೀರನಿಗೆ ಹಲಗೆಯ ಈ ತುದಿಯಿಂದ ಆ ತುದಿಗೆ ಓಡುವ ಶಕ್ತಿ ಕೊಟ್ಟರು. ನಕ್ಷೆಯನ್ನು ಹಿಗ್ಗಿಸದೆ ಕಾಯಿಯ ಕಾಲನ್ನು ಉದ್ದ ಮಾಡಿದರು ಅನ್ನಿ.

ಶತರಂಜಿನ ಹಾಸಿಗೆ ಉರ್ದುವಿನಲ್ಲಿ ಬಿಸಾತ್ ಎನ್ನುತ್ತೇವೆ. ಅದೇ ಪದಕ್ಕೆ ಒಬ್ಬನ ಶಕ್ತಿ, ಯೋಗ್ಯತೆ ಎಂಬ ಅರ್ಥವೂ ಇದೆ. “ನನ್ನ ಬಿಸಾತ್ ಏನು ಮಹಾ” ಎನ್ನುವುದನ್ನು ನಮ್ಮ ಮನೆಗಳಲ್ಲಿ ದಿನವೂ ಕೇಳುತ್ತೀರಿ. ಎರಡು ಅರ್ಥ ಒಂದೇ ಪದದಲ್ಲಿ ಸೇರಿಕೊಂಡದ್ದು ನನಗೆ ಯಾವಾಗಲೂ ಖುಷಿ ಕೊಡುವ ಸಂಗತಿ.

ಈಗ ದೊಡ್ಡ ನಕ್ಷೆಯ ಮಾತು. ಪಿಯುಸಿ ಓದುವ ಒಬ್ಬ ಹುಡುಗ ನೂರಾರು ಪ್ರದೇಶಗಳ ನಕ್ಷೆಯಲ್ಲಿ ಆಡುತ್ತಿದ್ದ. ಒಂದು ಸರದಿಗೆ ಒಂದು ದಿನದ ಗಡುವು. ಆಟ ವಾರಗಟ್ಟಲೆ ನಡೆಯಿತು. ಕೊನೆಗೆ ಸೋತ. “ಹೇಗಪ್ಪಾ ಸೋತೆ?” ಎಂದು ಕೇಳಿದೆ. “ಗೊತ್ತಿಲ್ಲ ಸರ್, ಉತ್ತರದಲ್ಲಿ ಎಲ್ಲೋ ಬಿದ್ದುಹೋಯ್ತು” ಎಂದ. ಇಷ್ಟು ದಿನದ ರಾತ್ರಿಗಳಿಗೆ ಸಿಕ್ಕ ಉತ್ತರ “ಎಲ್ಲೋ”! ವಿದ್ಯಾರ್ಥಿಗಳೇ, ನನ್ನ ತಕರಾರು ಇಲ್ಲೇ ಇದೆ. ಚಿಕ್ಕ ನಕ್ಷೆಯಲ್ಲಿ ಸೋತರೆ ಸೋತ ಜಾಗಕ್ಕೆ ಬೆರಳಿಟ್ಟು ತೋರಿಸಬಹುದು: ಐದನೆಯ ಸರದಿಯಲ್ಲಿ ಬ್ರೆಜಿಲ್‌ನಿಂದ ಸೈನ್ಯ ತೆಗೆದೆ, ಉತ್ತರ ಆಫ್ರಿಕದವನು ಒಳಗೆ ಬಂದ. ದೊಡ್ಡ ನಕ್ಷೆಯಲ್ಲಿ ಆ ಜಾಗ ನೂರು ಸಣ್ಣ ನಡೆಗಳ ಕೆಳಗೆ ಮುಚ್ಚಿಹೋಗುತ್ತದೆ. ಕಾರಣ ಸಿಗದ ಸೋಲಿನ ನಂತರ ಹುಡುಗ ಮಾಡುವುದೇನು? ಇನ್ನೊಂದು ಆಟ ಶುರು ಮಾಡುತ್ತಾನೆ. ಪೋಷಕರು ದೂರುವ ಮೊಬೈಲಿನ ಗೀಳಿನಲ್ಲಿ ಇದರ ಪಾಲು ಸಣ್ಣದಲ್ಲ ಎಂದು ನನ್ನ ಅಭಿಪ್ರಾಯ.

ಇನ್ನೊಂದು ವಿಷಯ. ಸಂಕೀರ್ಣ ನಕ್ಷೆಗಳಲ್ಲಿ ಕೆಲವಕ್ಕೆ ತಮ್ಮದೇ ವಿಶೇಷ ನಿಯಮಗಳಿರುತ್ತವೆ. ಇಲ್ಲಿಂದ ಅಲ್ಲಿಗೆ ದಾಳಿ ಮಾಡಬಹುದು, ಅಲ್ಲಿಂದ ಇಲ್ಲಿಗೆ ಮಾಡುವಂತಿಲ್ಲ. ಈ ಕೋಟೆಯಿಂದ ದೂರದ ಊರಿಗೆ ಗುಂಡು ಹಾಕಬಹುದು, ಹೋಗಿ ಹಿಡಿಯುವಂತಿಲ್ಲ. ಇವೆಲ್ಲ ನಕ್ಷೆಯ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತವೆ. ಹಳಬ ಅದನ್ನು ಓದಿರುತ್ತಾನೆ, ಹೊಸಬ ಓದಿರುವುದಿಲ್ಲ. ಅಲ್ಲಿ ಹಳಬ ಗೆಲ್ಲುವುದು ಹೆಚ್ಚು ಯೋಚಿಸಿದ್ದಕ್ಕಲ್ಲ.

ದೊಡ್ಡ ನಕ್ಷೆಯ ಪರವಾಗಿ ಹೇಳಬೇಕಾದದ್ದನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಹಿಂದಿನ ಸಾಲಿನಲ್ಲಿರುವವರು ಬಿಡುವುದಿಲ್ಲ. ರಿಸ್ಕ್‌ನಲ್ಲಿ ದಾಳಿ ಮಾಡುವವನು 3 ದಾಳ, ತಡೆಯುವವನು 2 ದಾಳ ಎಸೆದಾಗ ದಾಳಿಕಾರ ಎರಡೂ ಸೈನ್ಯ ಗೆಲ್ಲುವ ಸಂಭವ ಶೇಕಡಾ 37, ಎರಡೂ ಕಳೆದುಕೊಳ್ಳುವ ಸಂಭವ ಶೇಕಡಾ 29, ಉಳಿದದ್ದು ತಲಾ ಒಂದೊಂದು. ಪುಟ್ಟ ನಕ್ಷೆಯಲ್ಲಿ ಮುಖ್ಯ ಬಾಗಿಲಿನಲ್ಲೇ ಆ 29 ಎರಡು ಸಲ ಬಿದ್ದರೆ ಆಟ ಮುಗಿಯಿತು. ದೊಡ್ಡ ನಕ್ಷೆಯಲ್ಲಿ ನೂರಾರು ಸಲ ದಾಳ ಉರುಳುವುದರಿಂದ ಅದೃಷ್ಟ ದುರದೃಷ್ಟ ಬಹುಮಟ್ಟಿಗೆ ಸರಿದೂಗುತ್ತವೆ. ಇದು ನಿಜವಾದ ಗುಣ. ಎಲ್ಲವನ್ನೂ ಕಾಯಲಾಗದು, ಯಾವುದನ್ನು ಬಿಡಬೇಕು ಎಂದು ತೀರ್ಮಾನಿಸುವ ಅಭ್ಯಾಸವನ್ನೂ ದೊಡ್ಡ ನಕ್ಷೆ ಕೊಡುತ್ತದೆ. ಆದರೆ ಅದು ಚಿಕ್ಕದರಲ್ಲಿ ಕೈ ಪಳಗಿದವನಿಗೆ. ಪೂರ್ವ ಏಷ್ಯಾದ ಗೋ ಆಟದ ಪೂರ್ಣ ಹಲಗೆಯಲ್ಲಿ 361 ಚುಕ್ಕೆಗಳಿವೆ. ಕಲಿಯುವವರನ್ನು ಮೊದಲು 81 ಚುಕ್ಕೆಯ ಹಲಗೆಯ ಮುಂದೆ ಕೂರಿಸುವುದು ರೂಢಿ.

ಇಂಟರ್ನೆಟ್ ಇಲ್ಲದೆಯೂ ಇದನ್ನು ಪರೀಕ್ಷಿಸಬಹುದು. ನಾನು ಎರಡು ಹಾಳೆ ಮಾಡಿದ್ದೇನೆ. ಒಂದರಲ್ಲಿ ಕರ್ನಾಟಕದ 31 ಜಿಲ್ಲೆಗಳು; ಕಂದಾಯದ ನಾಲ್ಕು ವಿಭಾಗಗಳೇ ನಾಲ್ಕು ಖಂಡ. ಬೆಂಗಳೂರು ವಿಭಾಗಕ್ಕೆ 9 ಜಿಲ್ಲೆ, ಮೈಸೂರಿಗೆ 8, ಬೆಳಗಾವಿ ಮತ್ತು ಕಲಬುರಗಿಗೆ ತಲಾ 7. ಇದರಲ್ಲಿ ಬೀದರ್ ನೋಡಿ, ರಾಜ್ಯದೊಳಗೆ ಅದಕ್ಕೆ ತಾಗಿರುವುದು ಕಲಬುರಗಿ ಒಂದೇ. ಅಲ್ಲಿ ಕುಳಿತವನನ್ನು ಅಲುಗಾಡಿಸುವುದು ಕಷ್ಟ. ಅವನು ಹೊರಗೆ ಬರುವುದೂ ಅಷ್ಟೇ ಕಷ್ಟ. ಅದೇ ವಿಭಾಗವನ್ನು ಪೂರ್ತಿ ಹಿಡಿಯುತ್ತೇನೆ ಎಂದರೆ ಕಲಬುರಗಿ, ಯಾದಗಿರಿಗಳ ಮಗ್ಗುಲಲ್ಲೇ ವಿಜಯಪುರ, ಕೊಪ್ಪಳದ ಪಕ್ಕಕ್ಕೆ ಗದಗ, ವಿಜಯನಗರದ ಪಕ್ಕಕ್ಕೆ ದಾವಣಗೆರೆ. ಇನ್ನೊಂದು ಹಾಳೆಯಲ್ಲಿ ಇದೇ ಕರ್ನಾಟಕದ ತಾಲ್ಲೂಕುಗಳಿವೆ, 230ಕ್ಕೂ ಹೆಚ್ಚು. ಬರೆಯುವಷ್ಟರಲ್ಲಿ ನನ್ನ ಕಣ್ಣು ಸೋತುಹೋಯಿತು.

ದಾಳ ಇಟ್ಟಿಲ್ಲ. ದಾಳದ ಬಗ್ಗೆ ನಮ್ಮ ಹಿರಿಯರಿಗಿರುವ ಸಂಕೋಚ ನಿಮಗೆ ಗೊತ್ತೇ ಇದೆ. ವಾರ್‌ಜೋನ್‌ನ ಲೆಕ್ಕವನ್ನೇ ತೆಗೆದುಕೊಂಡಿದ್ದೇನೆ. ಹತ್ತು ಬೀಜ ನುಗ್ಗಿದರೆ ಎದುರಿನವನ ಆರು ಹೋಗುತ್ತವೆ, ಹತ್ತು ಬೀಜ ತಡೆದರೆ ನುಗ್ಗಿದವನ ಏಳು. ಶೇಕಡಾವಾರು ಲೆಕ್ಕ ಬಾರದವರು ಪಕ್ಕದವರನ್ನು ಕೇಳಿ ಕಲಿಯಲಿ.

ಊಟದ ನಂತರ ಪಕ್ಕದ ಕೋಣೆಯಲ್ಲಿ ಜಿಲ್ಲೆಗಳ ಹಾಳೆ ಹಾಸಿರುತ್ತೇನೆ. ಹುಣಸೆ ಬೀಜಗಳನ್ನು ನಾಲ್ಕು ಬಣ್ಣ ಬಳಿದು ತಂದಿದ್ದೇನೆ. ನಾಲ್ವರು ಆಡಬೇಕು, ಐದನೆಯವರು ಪ್ರತಿ ಸರದಿಯನ್ನೂ ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಹೆಣ್ಣುಮಕ್ಕಳ ತಂಡವೊಂದು ಈಗಾಗಲೇ ಹೆಸರು ಕೊಟ್ಟಿದೆ, ಪೋಷಕರೂ ಕೂರಬಹುದು. ತಾಲ್ಲೂಕುಗಳ ಹಾಳೆಯನ್ನು ಸುತ್ತಿ ದಾರ ಕಟ್ಟಿ ಇಟ್ಟಿದ್ದೇನೆ. ಎರಡು ಆಟ ಆಡಿ, ಸೋತ ಸರದಿ ಯಾವುದೆಂದು ನೋಟ್‌ಬುಕ್ಕಿನಲ್ಲಿ ತೋರಿಸಿದವರು ಕೇಳಿದರೆ ಬಿಚ್ಚುತ್ತೇನೆ.